ಕಟ್ಟಿದ ಮೂಗಿಗೆ ಊರೆಲ್ಲ ವೈದ್ಯರು

ಕಲಬುರಗಿ ಕಡೆ ಡಿಸೆಂಬರ್ ಕೊನೆ ಅಂದರೆ ತೊಗರಿ ರಾಶಿಯ ಕಾಲ. ಹೊಲದಲ್ಲಿ ರಾಶಿ ಮಷಿನ್ ಶುರುವಾಯಿತೆಂದರೆ ಹೊಟ್ಟು ಆಳೆತ್ತರ ಏಳುತ್ತದೆ. ಎದುರಿಗೆ ನಿಂತವರ ಮುಖವೂ ಕಾಣುವುದಿಲ್ಲ. ಹೋದ ಸಲ ಅಂಥ ಒಂದು ರಾಶಿಯ ಪಕ್ಕ ಅರ್ಧ ದಿನ ನಿಂತು ಬಂದೆ. ರಾತ್ರಿ ಮಲಗುವ ಹೊತ್ತಿಗೆ ಮೂಗು ಬಂದ್. ಮರುದಿನ ಗಂಟಲು ಕೆರೆತ, ಸಣ್ಣಗೆ ಜ್ವರ. ಮೂರನೇ ದಿನ ಎದೆಯಲ್ಲಿ ಗೊರಗೊರ.

ಮನೆಗೆ ಬಂದವರೆಲ್ಲ ವೈದ್ಯರಾದರು. ಆಯಿ ತವೆಯ ಮೇಲೆ ಅಜವಾನ ಹುರಿದು, ಬಟ್ಟೆಯಲ್ಲಿ ಕಟ್ಟಿ, 'ಮೂಸ್ಕೋತ ಕೂಡು' ಅಂದರು. ಪಕ್ಕದ ಮನೆಯ ಚಾಚಾ ಜಿಂದಾ ತಿಲಿಸ್ಮಾತ್ ಎಂಬ ಔಷಧದ ಸೀಸೆ ತಂದು ಕೈಗಿಟ್ಟರು. ಬೀದರಿನಿಂದ ಬಂದಿದ್ದ ವೈನಿ, 'ಅಡುಳಸಾ ಎಲಿ ಕುದಿಸಿ ಕುಡೀರಿ, ಎರಡೇ ದಿನದಾಗ ಕಫ ಕೀಳತದ' ಅಂದರು. ಯಾರ ಮನಸ್ಸೂ ನೋಯಬಾರದೆಂದು ಮೂರನ್ನೂ ಮಾಡಿದೆ. ಎಂಟನೇ ದಿನ ಮೂಗು ತೆರೆಯಿತು. ಯಾವುದರಿಂದ ತೆರೆಯಿತು ಅನ್ನುವ ಜಗಳ ನಮ್ಮ ಮನೆಯಲ್ಲಿ ಇನ್ನೂ ನಡೆದಿದೆ.

ಈ ಜಗಳಕ್ಕೆ ಈಗ ಸ್ವಲ್ಪ ತೂಕ ಬಂದಿದೆ. 2025ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಸುತ್ತಮುತ್ತ ಒಂದು ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿಕ್ಕಿತು. ಆಮೇಲೆ ಕೇಂದ್ರ ಆರೋಗ್ಯ ಇಲಾಖೆ, 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧ ಕೊಡಲೇಬೇಡಿ, 5 ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದು ಹೇಳಿತು. ಆಗಿನಿಂದ ನಮ್ಮ ಕಡೆಯ ತಾಯಂದಿರು ಸಿರಪ್ ಬಾಟಲಿಯನ್ನು ಅನುಮಾನದಿಂದ ನೋಡುತ್ತಾರೆ. 'ಅದಕ್ಕಿಂತ ನಮ್ಮ ಮನೆ ಔಷಧಾನೇ ಚಲೋ, ಅದ್ರಾಗ ಏನೂ ಇರಂಗಿಲ್ಲ' ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಮಾತಿನ ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ಎರಡನೇ ಅರ್ಧವನ್ನೇ ಬಿಡಿಸಿ ನೋಡಬೇಕು. 'ಏನೂ ಇರಂಗಿಲ್ಲ' ಅಂದರೆ ಔಷಧವೂ ಇಲ್ಲ ಅಂದ ಹಾಗೆ. ಔಷಧ ಇದೆ ಅನ್ನುವುದಾದರೆ ಅದರ ಅಡ್ಡ ಪರಿಣಾಮವೂ ಇರಲೇಬೇಕಲ್ವಾ?

ಕಟ್ಟಿರುವುದು ಏನು?

ಮೂಗು ಕಟ್ಟಿದೆ ಅಂದಾಗ ಒಳಗೆ ಸಿಂಬಳ ಗಟ್ಟಿಯಾಗಿ ಕೂತಿದೆ ಅಂದುಕೊಳ್ಳುತ್ತೇವೆ. ಹಿಂಡಿ ಹಿಂಡಿ ಮೂಗು ಕೆಂಪಾದರೂ ಏನೂ ಬರುವುದಿಲ್ಲ. ಬರಲು ಅಲ್ಲಿ ಹೆಚ್ಚೇನೂ ಇರುವುದೇ ಇಲ್ಲ. ಮೂಗಿನ ಎರಡೂ ಬದಿಯ ಗೋಡೆಯಲ್ಲಿ ಸುರುಳಿಯಂಥ ಮಡಿಕೆಗಳಿವೆ, ಅವುಗಳ ತುಂಬ ರಕ್ತನಾಳ. ನೆಗಡಿಯಾದಾಗ ಆ ನಾಳಗಳಲ್ಲಿ ರಕ್ತ ತುಂಬಿ ಮಡಿಕೆಗಳು ಉಬ್ಬುತ್ತವೆ, ಗಾಳಿಯ ದಾರಿ ಸಣ್ಣದಾಗುತ್ತದೆ. ಮಲಗಿದರೆ ರಕ್ತ ಇನ್ನಷ್ಟು ತುಂಬುತ್ತದೆ. ರಾತ್ರಿಯೇ ಮೂಗು ಜಾಸ್ತಿ ಕಾಡುವುದು ಇದರಿಂದ.

ಎದೆ ಕಟ್ಟುವುದು ಬೇರೆ ಸಂಗತಿ. ಶ್ವಾಸನಾಳದ ಒಳಮೈಯಲ್ಲಿ ನಿಜವಾಗಿಯೂ ಕಫ ಇರುತ್ತದೆ. ಅಲ್ಲಿನ ಕಣ್ಣಿಗೆ ಕಾಣದ ರೋಮಗಳು ಅದನ್ನು ಮೇಲಕ್ಕೆ ದೂಡುತ್ತವೆ, ನಾವು ಕೆಮ್ಮಿ ಹೊರಗೆ ಹಾಕುತ್ತೇವೆ. ದಮ್ಮು, ಅಂದರೆ ಆಸ್ತಮಾ, ಇರುವವರಲ್ಲಿ ಇದರ ಮೇಲೆ ನಾಳವೇ ಬಿಗಿದುಕೊಳ್ಳುತ್ತದೆ.

ಹಾಗಾಗಿ ಒಂದೇ ಕಷಾಯ ಮೂಗಿಗೂ ಎದೆಗೂ ದಮ್ಮಿಗೂ ಆಗುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲೇ ಒಂದು ಪ್ರಶ್ನೆ ಕೇಳಬಹುದು. ರಕ್ತನಾಳದ ಊತ ಇಳಿಸುವುದು, ಕಫ ತೆಳ್ಳಗೆ ಮಾಡುವುದು, ಬಿಗಿದ ನಾಳ ಸಡಿಲಿಸುವುದು ಬೇರೆ ಬೇರೆ ಕೆಲಸ. ಇವುಗಳಲ್ಲಿ ಯಾವುದನ್ನು ಮಾಡುತ್ತದೆ?

ಇಂಗ್ಲಿಷ್ ಔಷಧವೂ ಈ ಪರೀಕ್ಷೆಯಲ್ಲಿ ಎಲ್ಲ ಸಲ ಪಾಸಾಗಿಲ್ಲ. ನೆಗಡಿಯ ಅನೇಕ ಮಾತ್ರೆಗಳಲ್ಲಿ ಮೂಗು ತೆರೆಯಲೆಂದು ಫಿನೈಲೆಫ್ರಿನ್ ಹಾಕುತ್ತಾರೆ. ನುಂಗಿದರೆ ಅದರ ಬಹುಪಾಲು ಕರುಳು, ಯಕೃತ್ತಿನಲ್ಲೇ ಒಡೆದುಹೋಗುತ್ತದೆ, ಮೂಗಿನವರೆಗೆ ತಲುಪುವುದು ಅಷ್ಟಕ್ಕಷ್ಟೆ. ಮಾತ್ರೆಯ ರೂಪದಲ್ಲಿ ಇದು ಕೆಲಸ ಮಾಡುವುದಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿತು. 2024ರ ನವೆಂಬರಿನಲ್ಲಿ ಇದನ್ನು ಪಟ್ಟಿಯಿಂದ ತೆಗೆಯುವ ಪ್ರಸ್ತಾವವೂ ಬಂತು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಮಾತ್ರ ಈಗಲೂ ಸಿಗುತ್ತದೆ.

ಚಾಚಾ ಕೊಟ್ಟ ಸೀಸೆ

ಜಿಂದಾ ತಿಲಿಸ್ಮಾತ್ ಗೊತ್ತಿಲ್ಲದ ಮನೆ ನಮ್ಮ ಕಲಬುರಗಿ-ಬೀದರ್ ಕಡೆ ಸಿಗುವುದು ಕಷ್ಟ. ಹೈದರಾಬಾದಿನಲ್ಲಿ 1920ರಲ್ಲಿ ಶುರುವಾದ ಯುನಾನಿ ಔಷಧ. ನಾವು 1948ರವರೆಗೆ ನಿಜಾಮರ ಕೈಯಲ್ಲಿದ್ದವರು. ಹೀಗಾಗಿ ಇಲ್ಲಿನ ಮನೆಮದ್ದಿನಲ್ಲಿ ಆಯುರ್ವೇದದ ಕಷಾಯದ ಜೊತೆಗೆ ಹಕೀಮರ ಜೋಶಾಂದಾ ಕೂಡ ಸಲೀಸಾಗಿ ಬೆರೆತಿದೆ. ಮೈಸೂರು ಕಡೆಯವರಿಗೆ ಹೇಳಿದರೆ ಸುಮ್ನೆ ನೋಡುತ್ತಾರೆ.

ಆ ಕೆಂಪು ದ್ರವದಲ್ಲಿ ಹೆಚ್ಚಾಗಿರುವುದು ನೀಲಗಿರಿ ಎಣ್ಣೆ. ಜೊತೆಗೆ ಕರ್ಪೂರ, ಪುದೀನಾದ ಮೆಂಥಾಲ್, ಅಜವಾನದ ಥೈಮಾಲ್. ಬಣ್ಣ ಬರುವುದು ರತನ್‌ಜೋತ್ ಬೇರಿನಿಂದ. ಎದೆಗೆ ಹಚ್ಚುವ ಮುಲಾಮುಗಳಲ್ಲೂ ಹೆಚ್ಚುಕಡಿಮೆ ಇದೇ ಬಳಗ. ಕರವಸ್ತ್ರಕ್ಕೆ ನಾಲ್ಕು ಹನಿ ಹಾಕಿ ಮೂಸಿದೆ. 'ಆಹಾ' ಅನ್ನಿಸಿತು, ಮೂಗು ತೆರೆದೇ ಬಿಟ್ಟಿತು ಅಂದುಕೊಂಡೆ.

ತೆರೆದಿರಲಿಲ್ಲ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ನೆಗಡಿಯ ಬಗ್ಗೆಯೇ ಒಂದು ಸಂಶೋಧನಾ ಕೇಂದ್ರವಿತ್ತು. ಅಲ್ಲಿನವರು ಮೆಂಥಾಲ್ ಮೂಸಿದವರ ಮೂಗಿನಲ್ಲಿ ಗಾಳಿ ಎಷ್ಟು ಓಡುತ್ತದೆ ಎಂದು ಅಳೆದರು. 'ಈಗ ಹಗುರಾಯಿತು' ಎಂದು ಜನ ಹೇಳಿದರು, ಯಂತ್ರದ ಅಳತೆ ಮಾತ್ರ ಬದಲಾಗಲಿಲ್ಲ. ನಮ್ಮ ನರಗಳ ತುದಿಯಲ್ಲಿ ತಂಪನ್ನು ಗುರುತಿಸುವ ಒಂದು ಪ್ರೋಟೀನು ಇದೆ, ಮೆಂಥಾಲ್ ಅದನ್ನು ಚುಚ್ಚಿ ಎಬ್ಬಿಸುತ್ತದೆ. ತಂಪು ಗಾಳಿ ಒಳಗೆ ಬರುತ್ತಿದೆ ಎಂದು ಮೆದುಳು ನಂಬುತ್ತದೆ. ಬಿಸಿ, ತಂಪು, ಸ್ಪರ್ಶದ ಗ್ರಾಹಕಗಳನ್ನು ಕಂಡುಹಿಡಿದವರಿಗೆ 2021ರಲ್ಲಿ ನೊಬೆಲ್ ಬಂತು. ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಇಬ್ಬರೂ ಈ ತಂಪಿನ ಗ್ರಾಹಕವನ್ನು ಹುಡುಕಿದ್ದು ಮೆಂಥಾಲ್ ಹಿಡಿದುಕೊಂಡೇ.

ಹಾಗಾದರೆ ಇದು ಮೋಸವಾ? ನನಗೆ ಹಾಗನ್ನಿಸುವುದಿಲ್ಲ. ರಾತ್ರಿ ಎರಡು ಗಂಟೆಗೆ ಮೂಗು ಕಟ್ಟಿ ಕೂತವನಿಗೆ ಹಗುರಾದಂತೆ ಅನ್ನಿಸಿ ನಿದ್ದೆ ಬಂದರೆ ಅದು ದೊಡ್ಡ ಲಾಭವೇ. 2010ರಲ್ಲಿ ಅಮೆರಿಕದಲ್ಲಿ 2ರಿಂದ 11 ವರ್ಷದ 138 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರ ಎದೆಗೆ ಕರ್ಪೂರ-ಮೆಂಥಾಲ್-ನೀಲಗಿರಿ ಮುಲಾಮು, ಕೆಲವರಿಗೆ ಬರೀ ವ್ಯಾಸಲೀನು, ಕೆಲವರಿಗೆ ಏನೂ ಇಲ್ಲ. ಮುಲಾಮು ಹಚ್ಚಿಸಿಕೊಂಡ ಮಕ್ಕಳು ಚೆನ್ನಾಗಿ ಮಲಗಿದರು, ಅವರ ಅಪ್ಪ-ಅಮ್ಮನೂ ಮಲಗಿದರು. ಆದರೆ ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಚರ್ಮವೋ ಕಣ್ಣೋ ಮೂಗೋ ಉರಿಯಿತು. ಬೇಗ ಗುಣವಾಗುತ್ತದೆ ಎಂದು ಆ ಪ್ರಯೋಗ ಹೇಳಲಿಲ್ಲ.

ಹಬೆಯ ಕಥೆ ಇದಕ್ಕಿಂತ ಸಣ್ಣದು. ನಮ್ಮಲ್ಲಿ ಅದಕ್ಕೆ ಬಾಫ್ ಅನ್ನುತ್ತಾರೆ. ತಲೆ ಮೇಲೆ ಟಾವೆಲ್ಲು ಹೊದ್ದು, ಮುಖ ಬೆವರಿ, ಮೂಗಿನಿಂದ ನೀರು ಸುರಿದಾಗ ಏನೋ ಆಯಿತು ಅನ್ನಿಸುತ್ತದೆ. ಬಿಸಿ ಹಬೆಯ ಬಗ್ಗೆ ಬಂದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಶೋಧಕರ ಬಳಗದ ವಿಮರ್ಶೆಗೆ ಖಚಿತ ಲಾಭ ಕಾಣಲಿಲ್ಲ. ಇಂಗ್ಲೆಂಡಿನಲ್ಲಿ ಸೈನಸ್ ತೊಂದರೆಯ 871 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಬೆಯಿಂದ ತಲೆನೋವು ಸ್ವಲ್ಪ ಇಳಿಯಿತು, ಉಳಿದದ್ದು ಹಾಗೇ ಇತ್ತು. ಅದೇ ಪ್ರಯೋಗದಲ್ಲಿ ಉಪ್ಪುನೀರಿನಿಂದ ಮೂಗು ತೊಳೆದುಕೊಂಡವರಿಗೆ ಸ್ವಲ್ಪವಾದರೂ ಉಪಯೋಗವಾಗಿತ್ತು. ಬಾಫ್ ತಗೊಳ್ಳಬೇಡಿ ಎಂದು ಹೇಳುತ್ತಿಲ್ಲ. ಕುದಿಯುವ ಪಾತ್ರೆಯ ಮುಂದೆ ಸಣ್ಣ ಮಕ್ಕಳನ್ನು ಕೂಡಿಸಬೇಡಿ, ಅಷ್ಟೆ. ಪಾತ್ರೆ ಉರುಳಿ ತೊಡೆ, ಹೊಟ್ಟೆ ಸುಟ್ಟುಕೊಳ್ಳುವ ಮಕ್ಕಳು ಕೊರೋನಾ ಕಾಲದಲ್ಲಿ ಎಷ್ಟೋ ದೇಶಗಳ ಆಸ್ಪತ್ರೆಗಳಿಗೆ ಬಂದರು.

ಆಡು ಮುಟ್ಟದ ಸೊಪ್ಪು

ಇನ್ನು ವೈನಿ ಹೇಳಿದ ಅಡುಳಸಾ. ಮರಾಠಿಯಲ್ಲಿ ಅಡುಳಸಾ, ಉರ್ದುವಿನಲ್ಲಿ ಅಡೂಸಾ, ಕನ್ನಡದಲ್ಲಿ ಆಡುಸೋಗೆ. ಬೀದರಿನಲ್ಲಿ ಮೂರು ಹೆಸರೂ ನಡೆಯುತ್ತವೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವ ಗಾದೆಗೆ ಇದೊಂದು ಅಪವಾದ, ಎಲೆ ಅಷ್ಟು ಕಹಿ. ದನ-ಕುರಿ ತಿನ್ನುವುದಿಲ್ಲವೆಂದೇ ಇದನ್ನು ಬೇಲಿಗೆ ಹಚ್ಚುತ್ತಾರೆ. ಉದ್ದನೆಯ ಎಲೆ, ಬಿಳಿ ಹೂವು. ಹೂವನ್ನು ಪಕ್ಕದಿಂದ ನೋಡಿದರೆ ಬಾಯಿ ತೆರೆದ ಸಿಂಹದ ಹಾಗಿರುತ್ತದೆ.

ಮನೆಮದ್ದುಗಳ ಸಾಲಿನಲ್ಲಿ ಕಫದ ವಿಷಯಕ್ಕೆ ನಾನು ಹೆಚ್ಚು ಮರ್ಯಾದೆ ಕೊಡುವುದು ಈ ಗಿಡಕ್ಕೆ. ಇದರ ಎಲೆಯಲ್ಲಿ ವಾಸಿಸಿನ್ ಎಂಬ ರಾಸಾಯನಿಕ ಇದೆ. ಅದನ್ನೇ ಮಾದರಿಯಾಗಿ ಇಟ್ಟುಕೊಂಡು ಜರ್ಮನಿಯ ಕಂಪನಿಯೊಂದು 1960ರ ದಶಕದಲ್ಲಿ ಬ್ರೋಮ್‌ಹೆಕ್ಸಿನ್ ತಯಾರಿಸಿತು. ಬ್ರೋಮ್‌ಹೆಕ್ಸಿನ್ ನಮ್ಮ ದೇಹದೊಳಗೆ ಹೋಗಿ ಆಂಬ್ರಾಕ್ಸಾಲ್ ಆಗುತ್ತದೆ. ನಿಮ್ಮ ಮನೆಯಲ್ಲಿರುವ ಕಫದ ಸಿರಪ್ ಬಾಟಲಿ ತಿರುಗಿಸಿ ನೋಡಿ, ಇವೆರಡರಲ್ಲಿ ಒಂದು ಇರುವ ಸಾಧ್ಯತೆ ಜಾಸ್ತಿ. ಜಗತ್ತೆಲ್ಲ ಕುಡಿಯುವ ಕಫದ ಔಷಧದ ಅಜ್ಜಿಮನೆ ನಮ್ಮ ಬೇಲಿಯಲ್ಲಿದೆ.

ಹಾಗೆಂದು ಎಲೆ ಕುದಿಸಿ ಕುಡಿದರೆ ಬ್ರೋಮ್‌ಹೆಕ್ಸಿನ್ ಕುಡಿದಂತೆ ಆಗುವುದಿಲ್ಲ. ಬ್ರೋಮ್‌ಹೆಕ್ಸಿನ್ ಪ್ರಯೋಗಾಲಯದಲ್ಲಿ ಬದಲಾಯಿಸಿ ಮಾಡಿದ ವಸ್ತು. ಎಲೆಯಲ್ಲಿ ವಾಸಿಸಿನ್ ಎಷ್ಟಿರುತ್ತದೆ ಅನ್ನುವುದು ಗಿಡ, ಋತು, ಎಲೆಯ ವಯಸ್ಸಿನ ಮೇಲೆ ಏರುಪೇರಾಗುತ್ತದೆ. ವೈನಿ ಏಳೆಂಟು ಎಲೆ ಹಾಕಿದರು, ಅವರ ಅತ್ತೆ ಒಂದು ಹಿಡಿ ಹಾಕುತ್ತಿದ್ದರಂತೆ. ಬರೀ ಆಡುಸೋಗೆ ಕೊಟ್ಟು ಮಾಡಿದ ಒಳ್ಳೆಯ ದೊಡ್ಡ ಪ್ರಯೋಗಗಳು ಕಡಿಮೆ. ಬೇರೆ ಎರಡು ಗಿಡಗಳ ಸಾರದ ಜೊತೆ ಬೆರೆಸಿ 177 ರೋಗಿಗಳ ಮೇಲೆ ಮಾಡಿದ ಒಂದು ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಆ ಮಿಶ್ರಣ ಕೆಮ್ಮನ್ನು ಔಷಧವಿಲ್ಲದ ಖಾಲಿ ಸಿರಪ್ಪಿಗಿಂತ ಚೆನ್ನಾಗಿ ಇಳಿಸಿತು. ಆ ಯಶಸ್ಸಿನಲ್ಲಿ ನಮ್ಮ ಗಿಡದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿಯೇ ಹೇಳಬೇಕು. ವಾಸಿಸಿನ್ ಗರ್ಭಕೋಶವನ್ನು ಹಿಂಡುತ್ತದೆ. ಬಸುರಿಯರಿಗೆ ಆಡುಸೋಗೆ ಕೊಡಲೇಬಾರದು. 'ಎಲಿ ಅಷ್ಟೇ ಅಲ್ಲೇನು' ಎಂದು ಎಷ್ಟು ಮನೆಗಳಲ್ಲಿ ಕೊಟ್ಟಿದ್ದಾರೋ.

ಅತ್ತಾರರ ಪುಡಿಕೆ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದಾಗ ಒಬ್ಬ ಅತ್ತಾರರ, ಅಂದರೆ ಯುನಾನಿ ಬೇರು-ಬೀಜ ಮಾರುವವರ, ಅಂಗಡಿಗೆ ಹೋಗಿದ್ದೆ. ಗೋಡೆ ತುಂಬ ಡಬ್ಬಿ, ಮುಂದೆ ಸಣ್ಣ ತಕ್ಕಡಿ. ಅಂಗಡಿಯ ಮುದುಕರು ಮೊದಲು ನನ್ನನ್ನೇ ವಿಚಾರಿಸಿದರು. 'ಕೆಮ್ಮು ಎಷ್ಟ್ ದಿನದಿಂದ ಅದ? ಒಣಾ ಕೆಮ್ಮೋ, ಕಫ ಬರ್ಲಿಕತ್ತದೋ? ಬಿಪಿ ಅದ ಏನ್ರಿ?' ಆಮೇಲೆ ಒಂದು ಹಾಳೆ ಹಾಸಿ ಕಟ್ಟತೊಡಗಿದರು. ಒಣಗಿದ ಬೋರೆ ಹಣ್ಣಿನಂಥ ಉನ್ನಾಬ್ ಐದು. ಅಂಟು ಅಂಟಾದ ಸಪಿಸ್ತಾನ್ ಹತ್ತು, ಅದು ನಮ್ಮ ಚಳ್ಳೆ ಹಣ್ಣೇ. ಖತ್ಮಿ ಬೀಜ, ಖುಬ್ಬಾಜಿ, ಒಂದಿಷ್ಟು ಬನಫ್ಶಾ ಹೂ. ಕೊನೆಗೆ ಜೇಷ್ಠಮಧುವಿನ ಒಂದು ಬೇರು ತಗೊಂಡು ನನ್ನ ಮುಖ ನೋಡಿ, 'ಬಿಪಿ ಇಲ್ಲ ಅಂದ್ರಲ್ಲ?' ಎಂದು ಮತ್ತೊಮ್ಮೆ ಕೇಳಿ ಪುಡಿಕೆಯಲ್ಲಿಟ್ಟರು.

ಇದೇ ಜೋಶಾಂದಾ. ಪಾರಸಿಯಲ್ಲಿ ಹೆಸರಿನ ಅರ್ಥವೇ ಕುದಿಸಿದ್ದು. ಕುದಿಸಿ ಆರಿಸಿದರೆ ಲೋಳೆ ಲೋಳೆಯಾಗುತ್ತದೆ. ಆ ಲೋಳೆಯೇ ಇದರ ಕೆಲಸಗಾರ. ಕೆರೆದ ಗಂಟಲಿನ ಮೇಲೆ ತೆಳುವಾಗಿ ಹರಡಿಕೊಂಡು ಒಣಕೆಮ್ಮಿನ ತುರಿಕೆ ಇಳಿಸುತ್ತದೆ. ಖತ್ಮಿ ಗಿಡದ ಬೇರನ್ನು ಯುರೋಪಿನ ಔಷಧ ಸಂಸ್ಥೆ ಗಂಟಲ ಉರಿ ಮತ್ತು ಒಣಕೆಮ್ಮಿಗೆ 'ಪರಂಪರೆಯ ಬಳಕೆ' ಎಂಬ ಲೆಕ್ಕದಲ್ಲಿ ಒಪ್ಪಿಕೊಂಡಿದೆ. ಅದರ ಅರ್ಥ ಬಹುಕಾಲದಿಂದ ಬಳಕೆಯಲ್ಲಿದೆ, ದೊಡ್ಡ ಅಪಾಯ ಕಂಡಿಲ್ಲ ಅಂತ. ಪ್ರಯೋಗದಿಂದ ಸಾಬೀತಾಗಿದೆ ಅಂತ ಅಲ್ಲ.

ಮುದುಕರು ಬಿಪಿ ಕೇಳಿದ್ದಕ್ಕೂ ಕಾರಣ ಇದೆ. ಜೇಷ್ಠಮಧುವಿನಲ್ಲಿರುವ ಗ್ಲಿಸರೈಜಿನ್ ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ವಾರಗಟ್ಟಲೆ ಕುಡಿದರೆ ರಕ್ತದೊತ್ತಡ ಏರುತ್ತದೆ. ಯಾವ ಲೇಬಲ್ಲೂ ಇಲ್ಲದ ಪುಡಿಕೆ ಕಟ್ಟುವ ಮನುಷ್ಯನಿಗೆ ಇದು ಗೊತ್ತಿತ್ತು. ಆನ್‌ಲೈನಿನಲ್ಲಿ ಬರುವ ಬಣ್ಣದ ಡಬ್ಬಿಗಳು ನಮ್ಮನ್ನು ಏನೂ ಕೇಳುವುದಿಲ್ಲ.

ಬಿಸಿನೀರು, ಜೇನು, ಉಪ್ಪು

ಈಗ ನನ್ನ ಅನುಮಾನವೊಂದನ್ನು ಹೇಳಿಬಿಡುತ್ತೇನೆ. ಕಷಾಯದ ಅರ್ಧ ಕೀರ್ತಿ ಅದರೊಳಗಿನ ಬಿಸಿನೀರಿಗೆ ಸೇರಬೇಕು. 2008ರಲ್ಲಿ ಅದೇ ಕಾರ್ಡಿಫ್ ಕೇಂದ್ರದವರು ನೆಗಡಿಯಾದ 30 ಜನರಿಗೆ ಹಣ್ಣಿನ ಪಾನಕ ಕೊಟ್ಟರು. ಬಿಸಿ ಪಾನಕ, ಬಿಸಿ ಮಾಡದ ಪಾನಕ ಎರಡನ್ನೂ ಹೋಲಿಸಿ ನೋಡಿದರು. ಬಿಸಿ ಕುಡಿದಾಗ ಕೆಮ್ಮು, ಸೀನು, ಗಂಟಲು ನೋವು, ಚಳಿ, ಸುಸ್ತು ಎಲ್ಲ ಕೂಡಲೇ ಕಡಿಮೆ ಅನ್ನಿಸಿತು. ಮೂಗಿನ ಗಾಳಿಯ ಅಳತೆ ಮಾತ್ರ ಇಲ್ಲೂ ಬದಲಾಗಲಿಲ್ಲ. ಪಾನಕದಲ್ಲಿ ತುಳಸಿಯೂ ಇರಲಿಲ್ಲ, ಶುಂಠಿಯೂ ಇರಲಿಲ್ಲ. ನಮ್ಮ ಬೆಳಗಿನ ಪಾಯಾ, ಮೆಣಸು ಹಾಕಿದ ಕಟ್ಟಿನ ಸಾರು, ಹಸಿಶುಂಠಿಯ ಚಹಾ ಎಲ್ಲ ಈ ಲೆಕ್ಕದಲ್ಲೇ ಬರುತ್ತವೆ. ಖಾರಕ್ಕೆ ಮೂಗು ಸುರಿಯುತ್ತದಲ್ಲ, ಅದೂ ಸೇರಿಸಿಕೊಳ್ಳಿ.

ಅರಿಶಿಣ ಹಾಲಿನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಒಂದೇ ಲೆಕ್ಕ ಹೇಳುತ್ತೇನೆ. ಮೆಣಸಿನ ಪೈಪರಿನ್ ಸೇರಿಸಿದರೆ ಅರಿಶಿಣದ ಕರ್ಕ್ಯುಮಿನ್ ಇಪ್ಪತ್ತು ಪಟ್ಟು ಜಾಸ್ತಿ ರಕ್ತಕ್ಕೆ ಸೇರುತ್ತದೆ ಎಂದು ತೋರಿಸಿದ ಪ್ರಸಿದ್ಧ ಪ್ರಯೋಗ ನಡೆದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ, ಪ್ರಕಟವಾದದ್ದು 1998ರಲ್ಲಿ. ಅಲ್ಲಿ ಕೊಟ್ಟದ್ದು 2 ಗ್ರಾಂ ಶುದ್ಧ ಕರ್ಕ್ಯುಮಿನ್. ಅಡುಗೆಮನೆಯ ಅರಿಶಿಣದಲ್ಲಿ ಅದು ನೂರಕ್ಕೆ ಸುಮಾರು ಮೂರು ಪಾಲು ಮಾತ್ರ. ಅಷ್ಟು ಬೇಕೆಂದರೆ ಒಂದು ಲೋಟ ಹಾಲಿಗೆ ಸುಮಾರು 67 ಗ್ರಾಂ ಅರಿಶಿಣ ಹಾಕಬೇಕು. ಹಾಕಿ ನೋಡಿ.

ಜೇನಿಗೆ ಮಾತ್ರ ಗಟ್ಟಿ ಪುರಾವೆ ಇದೆ. ಮಕ್ಕಳ ಕೆಮ್ಮಿನ ಬಗ್ಗೆ 2018ರ ಕಾಕ್ರೇನ್ ವಿಮರ್ಶೆ, ಏನೂ ಕೊಡದೇ ಇರುವುದಕ್ಕಿಂತ ಜೇನು ಒಳ್ಳೆಯದು, ಮೂರು ದಿನದವರೆಗೆ ಲಾಭ ಕಾಣುತ್ತದೆ ಎಂದಿತು. 2020ರಲ್ಲಿ ಆಕ್ಸ್‌ಫರ್ಡಿನವರು ದೊಡ್ಡವರನ್ನೂ ಸೇರಿಸಿ ನೋಡಿ ಹತ್ತಿರ ಹತ್ತಿರ ಇದನ್ನೇ ಹೇಳಿದರು. ಕಷಾಯದಲ್ಲಿ ಕೊನೆಗೆ ಬೆರೆಸುವ ಒಂದು ಚಮಚ ಜೇನೇ ಅಸಲಿ ಔಷಧ ಇರಬಹುದು. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸುವಂತಿಲ್ಲ. ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆ ಕರುಳಿನಲ್ಲಿ ಮೊಳೆತು ಬೊಟುಲಿಸಂ ಎಂಬ ಪ್ರಾಣಾಪಾಯದ ರೋಗ ತರಬಹುದು. ಹುಟ್ಟಿದ ಕೂಸಿನ ಬಾಯಿಗೆ ಜೇನು ಮುಟ್ಟಿಸುವ ಪದ್ಧತಿ ನಮ್ಮ ಕಡೆ ಹಿಂದೂ ಮನೆಗಳಲ್ಲೂ ಇದೆ, ಮುಸ್ಲಿಂ ಮನೆಗಳಲ್ಲೂ ಇದೆ. ಅದೊಂದನ್ನು ಬಿಡಬೇಕು.

ಉಪ್ಪುನೀರಿನ ಬಗ್ಗೆ ಯಾರೂ ವಾಟ್ಸಾಪ್ ಸಂದೇಶ ಕಳಿಸುವುದಿಲ್ಲ, ಪಾಪ. 2019ರಲ್ಲಿ ಎಡಿನ್‌ಬರೋದಲ್ಲಿ 66 ಜನರ ಮೇಲೆ ನಡೆದ ಸಣ್ಣ ಪ್ರಯೋಗದಲ್ಲಿ, ಉಪ್ಪುನೀರಿನಿಂದ ಮೂಗು ತೊಳೆದು ಬಾಯಿ ಮುಕ್ಕಳಿಸಿದವರ ನೆಗಡಿ ಸುಮಾರು ಎರಡು ದಿನ ಮೊದಲೇ ಮುಗಿಯಿತು. ಮೂಗಿನೊಳಗೆ ಹೋಗುವ ನೀರು ಕುದಿಸಿ ಆರಿಸಿದ್ದೇ ಆಗಬೇಕು. ಕೆರೆ, ಬಾವಿ, ಟಾಕಿಯ ಹಸಿ ನೀರು ಬೇಡ. ಮೂಗಿನ ಮೂಲಕ ಮೆದುಳಿಗೆ ಏರುವ ಅಮೀಬಾದಿಂದ ಕೇರಳದಲ್ಲಿ 2024 ಮತ್ತು 2025ರಲ್ಲಿ ಜನ ಸತ್ತದ್ದು ನೆನಪಿರಬಹುದು.

ಕೂಸಿನ ಕೋಣೆಯಲ್ಲಿ

ನನ್ನ ನಿಜವಾದ ಚಿಂತೆ ಇರುವುದು ಇಲ್ಲಿ. ದೊಡ್ಡವರು ಏನು ಕುಡಿದರೂ ಹೆಚ್ಚಿನ ಸಲ ನಡೆದುಹೋಗುತ್ತದೆ. ಕೂಸುಗಳ ವಿಷಯ ಹಾಗಲ್ಲ.

ಕರ್ಪೂರ ಮತ್ತು ಅಜವಾನವನ್ನು ಬಟ್ಟೆಯಲ್ಲಿ ಕಟ್ಟಿ ಕೂಸಿನ ಕೊರಳಿಗೋ ತೊಟ್ಟಿಲಿಗೋ ಹಾಕುತ್ತಾರೆ. 2021ರಲ್ಲಿ ಇದೇ ಪೊಟ್ಟಣ ಮೂಸಿದರೆ ಆಕ್ಸಿಜನ್ ಏರುತ್ತದೆ ಎಂಬ ಸುಳ್ಳು ಸುದ್ದಿ ಫೋನಿನಿಂದ ಫೋನಿಗೆ ಓಡಿತು. ಕರ್ಪೂರ ನರಗಳಿಗೆ ವಿಷ. ಕೂಸು ಬಾಯಿಗೆ ಹಾಕಿಕೊಂಡರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಒಂದು ಗ್ರಾಂನಷ್ಟು ಕರ್ಪೂರ ಸಣ್ಣ ಮಗುವಿನ ಜೀವಕ್ಕೇ ಕುತ್ತು. ನೀಲಗಿರಿ ಎಣ್ಣೆಯೂ ಕಡಿಮೆಯೇನಲ್ಲ. ಅದನ್ನು ಮೂಸಿದ ಮೇಲೆ ಫಿಟ್ಸ್ ಬಂದ 10 ಜನರ ವಿವರವನ್ನು ಬೆಂಗಳೂರಿನ ನರರೋಗ ತಜ್ಞರು 2017ರಲ್ಲಿ ಪ್ರಕಟಿಸಿದರು. ಫಿಟ್ಸ್ ಇರುವವರ ಮನೆಯಲ್ಲಿ ಇವೆರಡೂ ಬೇಡ.

ಇನ್ನೊಂದು ಹೊಗೆ. ಎರೆದ ಮೇಲೆ ಕೂಸಿಗೆ ಲೋಬಾನ ಹಾಕುವುದು, ಬೆಳ್ಳುಳ್ಳಿ ಸಿಪ್ಪೆ-ಅಜವಾನದ ಹೊಗೆ ಹಿಡಿಯುವುದು, ಬಾಣಂತಿಯ ಹೊರಸಿನ ಕೆಳಗೆ ಕುಳ್ಳಿನ ಬೆಂಕಿ ಇಡುವುದು. ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ದೊಡ್ಡವರಿಗೇ ಕಣ್ಣುರಿ ಬರುತ್ತದೆ. ಮನೆಯೊಳಗಿನ ಹೊಗೆ ಮಕ್ಕಳ ನ್ಯುಮೋನಿಯಾದ ಅಪಾಯವನ್ನು ಹತ್ತಿರ ಹತ್ತಿರ ಎರಡು ಪಟ್ಟು ಮಾಡುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎದೆ ಕಟ್ಟಬಾರದೆಂದು ಹಾಕುವ ಹೊಗೆಯೇ ಎದೆ ಕಟ್ಟಿಸುತ್ತದೆ.

ನ್ಯುಮೋನಿಯಾಕ್ಕೆ ನಮ್ಮ ಹಳ್ಳಿಗಳಲ್ಲಿ ಡಬ್ಬಾ ಬ್ಯಾನಿ ಅನ್ನುತ್ತಾರೆ. ಅದಕ್ಕೆ ಬರೆ ಹಾಕಿಸುವವರು ಈಗಲೂ ಇದ್ದಾರೆ. ಆ ಬದಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕೂಸು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಮೊಬೈಲಿನಲ್ಲಿ ಒಂದು ನಿಮಿಷ ಹಚ್ಚಿ ಉಸಿರು ಎಣಿಸಿ. 2 ತಿಂಗಳೊಳಗಿನ ಕೂಸಿಗೆ 60 ಅಥವಾ ಜಾಸ್ತಿ, 2 ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷಕ್ಕೆ 40 ಅಥವಾ ಜಾಸ್ತಿ ಬಂದರೆ ಆಸ್ಪತ್ರೆಗೆ ಹೊರಡಬೇಕು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಹಾಲು ಕುಡಿಯದಿದ್ದರೆ ಎಣಿಸುತ್ತ ಕೂಡುವುದೂ ಬೇಡ. ಆಶಾ ಕಾರ್ಯಕರ್ತೆಯರಿಗೆ ಕಲಿಸುವ ಎಣಿಕೆ ಇದೇ.

ಹದಿನೆಂಟು ದಿನದ ಕೆಮ್ಮು

ನಮ್ಮ ಮನೆಯ ಜಗಳಕ್ಕೆ ವಾಪಸ್ ಬರುತ್ತೇನೆ. ನೆಗಡಿ ಏಳರಿಂದ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಕೆಮ್ಮು ಅದಕ್ಕಿಂತ ಹಟಮಾರಿ. ಅದು ನಿಜಕ್ಕೂ ಎಷ್ಟು ದಿನ ಇರುತ್ತದೆ ಎಂದು ಅಮೆರಿಕದ ಸಂಶೋಧಕರು 2013ರಲ್ಲಿ ಲೆಕ್ಕ ಹಾಕಿದರು. ಸರಾಸರಿ ಸುಮಾರು 18 ದಿನ ಬಂತು. ಎಷ್ಟು ದಿನ ಇರಬೇಕು ಎಂದು ಜನರನ್ನು ಕೇಳಿದರೆ ಏಳರಿಂದ ಒಂಬತ್ತು ದಿನ ಅಂದರು. ನಡುವಿನ ಆ ಹತ್ತು ದಿನದಲ್ಲಿಯೇ ನಮ್ಮ ಎಲ್ಲ ವ್ಯವಹಾರ ನಡೆಯುವುದು. ಒಂಬತ್ತನೇ ದಿನ ಸಿರಪ್, ಹನ್ನೆರಡನೇ ದಿನ ಯಾರೋ ಕೊಟ್ಟ ಆಂಟಿಬಯಾಟಿಕ್, ಹದಿನಾರನೇ ದಿನ ಕಷಾಯ. ಹದಿನೆಂಟನೇ ದಿನ ಕೆಮ್ಮು ಹೋದರೆ ಹೆಸರು ಕಷಾಯಕ್ಕೆ.

ದಮ್ಮಿನಲ್ಲಿ ಈ ಲೆಕ್ಕ ಇನ್ನೂ ಗೋಜಲು, ಏಕೆಂದರೆ ಅದು ತಾನೇ ಏರುತ್ತದೆ, ತಾನೇ ಇಳಿಯುತ್ತದೆ. ಮೃಗಶಿರ ಮಳೆ ಹುಟ್ಟುವ ದಿನ ಹೈದರಾಬಾದಿನ ನಾಂಪಲ್ಲಿಯಲ್ಲಿ ಮೀನಿನ ಬಾಯಲ್ಲಿ ಔಷಧ ಇಟ್ಟು ನುಂಗಿಸುತ್ತಾರಲ್ಲ, ಅದಕ್ಕಾಗಿ ನಮ್ಮ ಜಿಲ್ಲೆಗಳಿಂದಲೂ ಜನ ಹೋಗುತ್ತಾರೆ. ಔಷಧದ ಪಾಕ ಗುಟ್ಟು. ಹೋಗಿ ಬರುವುದಕ್ಕಿಂತ ಅಪಾಯ ಇರುವುದು ಬಂದ ಮೇಲೆ ಪಂಪು ಬಿಡುವುದರಲ್ಲಿ. ಇನ್‌ಹೇಲರಿಗೆ ಇಲ್ಲಿ ಪಂಪು ಅನ್ನುತ್ತಾರೆ. 'ಪಂಪು ಹತ್ತಿತಂದ್ರ ಬಿಡಂಗಿಲ್ಲ' ಎಂಬ ಹೆದರಿಕೆ ಬಹಳ. ಬಿಗಿದ ನಾಳಕ್ಕೆ ನೇರ ತಲುಪುವ ಔಷಧ ಅದು. ಅದರ ಜಾಗಕ್ಕೆ ಯಾವ ಎಲೆಯೂ ಬೇರೂ ಇನ್ನೂ ಬಂದಿಲ್ಲ.

ಮತ್ತೆ ಧೂಳು. ತೊಗರಿ ರಾಶಿ, ದಾಲ್ ಮಿಲ್ಲು, ಶಹಾಬಾದಿನ ಕಲ್ಲು ಕೊರೆಯುವ ಕೆಲಸ, ವಾಡಿ-ಸೇಡಂ-ಮಳಖೇಡದ ಸಿಮೆಂಟು, ಒಲೆಯ ಮುಂದೆ ಕೂತ ಹೆಂಗಸರ ಹೊಗೆ. ದಿನಾ ಎಂಟು ತಾಸು ಇದನ್ನು ಕುಡಿದು ರಾತ್ರಿ ಒಂದು ಲೋಟ ಕಷಾಯ ಕುಡಿದರೆ ಯಾರ ಎದೆ ತಾನೇ ತೆರೆದೀತು? ಮೂಗಿಗೆ ಒಂದು ಒಳ್ಳೆಯ ಮಾಸ್ಕು ಕಟ್ಟಿಕೊಂಡಿದ್ದರೆ ನನ್ನ ಮೂರು ಔಷಧದ ಗೊಡವೆ ಅರ್ಧ ಇರುತ್ತಿರಲಿಲ್ಲ. ಮಷಿನ್ ಹತ್ತಿರ ನಿಂತ ಆಳುಗಳು ಮುಖಕ್ಕೆ ಟಾವೆಲ್ಲು ಸುತ್ತಿಕೊಂಡಿದ್ದರು, ಸಣ್ಣ ಧೂಳನ್ನು ಅದು ತಡೆಯುವುದಿಲ್ಲ.

ಅತ್ತಾರರ ಅಂಗಡಿಯಲ್ಲಿ ನನ್ನ ಹಿಂದೆ ಒಬ್ಬರು ನಿಂತಿದ್ದರು. ಶಹಾಬಾದ್ ಕಡೆಯವರು, ಐವತ್ತರ ಆಸುಪಾಸು. ಪ್ರತಿ ಮಾತಿಗೂ ಕೆಮ್ಮುತ್ತಿದ್ದರು. ಮುದುಕರು ಅದೇ ಪ್ರಶ್ನೆ ಕೇಳಿದರು, ಎಷ್ಟು ದಿನದಿಂದ? 'ದೀಪಾವಳಿ ಮುಂದ ಶುರುವಾಗ್ಯದ.' ಆಗ ಜನವರಿ. ಮುದುಕರು ಕೈಗೆ ತಗೊಂಡಿದ್ದ ಹಾಳೆಯನ್ನು ಮತ್ತೆ ಕಟ್ಟಿನಲ್ಲಿಟ್ಟರು. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ ಆಗಬೇಕು, ಟಿಬಿ ಇದೆಯೋ ಇಲ್ಲವೋ ನೋಡಬೇಕು, ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಮಾಡುತ್ತಾರೆ ಎಂದು ಹೇಳಿದರು. ಆ ಮನುಷ್ಯ, 'ಅಷ್ಟರತನಕ ಒಂದ್ ಪುಡಿಕಿ ಕೊಡ್ರಿ' ಎಂದರು. 'ಚೀಟಿ ತಗೊಂಡ್ ಬರ್ರಿ, ಆಮ್ಯಾಲ ಕೊಡ್ತೀನಿ' ಎಂದು ಮುದುಕರು ನನ್ನ ಕಡೆ ತಿರುಗಿ ಚಿಲ್ಲರೆ ಎಣಿಸಿದರು.